ಬಲಿತ ಹರಿವೆ, ಬಸಳೆ, ಕೆಸು: ಒಂದೇ ಗಿಡದ ಮೂರು ಅಡುಗೆ

ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಕಾಸರಗೋಡಿನ ಹಿತ್ತಿಲುಗಳಲ್ಲಿ ಹರಿವೆ ಆಳೆತ್ತರ ಬಂದಿರುತ್ತದೆ. ಬಸಳೆ ಚಪ್ಪರ ತುಂಬಿ ಕೆಳಕ್ಕೆ ಜೋತಿರುತ್ತದೆ. ಅಡಿಕೆ ತೋಟದ ಕಣಿಯ ಬದಿಯಲ್ಲಿ ಕೆಸುವಿನ ಒಂದೊಂದು ಎಲೆ ಮೊರದಗಲ. ಇಂಥ ಸೊಪ್ಪನ್ನು ಎಳೆಯದರ ಹಾಗೆ ಒಟ್ಟಿಗೆ ಕೊಚ್ಚಿ ಬಾಣಲೆಗೆ ಸುರಿದರೆ ಎಲೆ ಮುದ್ದೆಯಾಗುತ್ತದೆ, ದಂಟು ಹಗ್ಗದಂತೆ ಉಳಿಯುತ್ತದೆ. ಆಮೇಲೆ “ಬಲಿತು ಹೋಗಿದೆ, ದನಕ್ಕೆ ಹಾಕಿ” ಎಂಬ ಮಾತು. ದನಕ್ಕೆ ಹೋಗಬೇಕಾದದ್ದು ಬುಡದ ಒಂದು ಗೇಣು ಮಾತ್ರ. ಉಳಿದದ್ದರಲ್ಲಿ ದಂಟು ಒಂದು ತರಕಾರಿ, ತೊಟ್ಟು ಇನ್ನೊಂದು, ಎಲೆ ಮತ್ತೊಂದು. ಮೂರಕ್ಕೂ ಬೇಯುವ ಹೊತ್ತು ಬೇರೆ, ಕೆಲವೊಮ್ಮೆ ಪಾತ್ರೆಯೂ ಬೇರೆ.

ಉಗುರಿನ ಪರೀಕ್ಷೆ

ಸಂತೆಯಲ್ಲಿ ಕೇಳುವಾಗ ಹೆಸರು ನೆನಪಿರಲಿ. ಹರಿವೆಗೆ ತುಳುವಿನಲ್ಲಿ ಪದ್ಪೆ, ಮಲಯಾಳದಲ್ಲಿ ಚೀರ. ಕೆಸುವಿಗೆ ತೇವು, ಚೇಂಬು. ಬರೀ “ಚೀರ” ಎಂದರೆ ಹೆಚ್ಚಾಗಿ ಕೆಂಪು ಹರಿವೆಯ ಎಳೆ ಕಟ್ಟು ಕೈಗೆ ಬರುತ್ತದೆ. ದಂಟಿನದು ಬೇಕಾದರೆ ಅದನ್ನು ಬಿಡಿಸಿ ಹೇಳಬೇಕು.

ದಂಟಿನ ಬುಡದಿಂದ ಮೇಲಕ್ಕೆ ಒಂದೊಂದು ಗೇಣಿಗೆ ಹೆಬ್ಬೆರಳ ಉಗುರು ಒತ್ತಿ ನೋಡಿ. ಉಗುರು ಜಾರಿದರೆ ಆ ಭಾಗ ಕಟ್ಟಿಗೆ. ಉಗುರು ಇಳಿದು ನೀರು ಒಸರಿದರೆ ಅಲ್ಲಿಂದ ಮೇಲಿನದು ಅಡುಗೆಗೆ. ಮರದ ನಾರು, ಅಂದರೆ ಲಿಗ್ನಿನ್, ಕುಕ್ಕರಿನಲ್ಲಿ ಹತ್ತು ಸೀಟಿ ಕೂಗಿಸಿದರೂ ಮೆತ್ತಗಾಗುವುದಿಲ್ಲ. ಅದನ್ನು ಕೈಯಿಂದಲೇ ತೆಗೆಯಬೇಕು, ಬೆಂಕಿಯಿಂದ ಆಗುವ ಕೆಲಸ ಅಲ್ಲ.

ಹರಿವೆಯ ತುದಿಯಲ್ಲಿ ಹೂವಿನ ತೆನೆ ಕಂಡರೆ ಇನ್ನೂ ಎಚ್ಚರ. ಹಗಲು ಗಿಡ್ಡವಾಗುತ್ತಾ ಬಂದಂತೆ ಹರಿವೆ ಬೇಗ ಹೂ ಬಿಡುತ್ತದೆ. ತೆನೆ ಹೊರಟ ಮೇಲೆ ದಂಟಿನೊಳಗೆ ನಾರು ದಿನದಿನಕ್ಕೆ ಗಟ್ಟಿಯಾಗುತ್ತದೆ. ಮೊಗ್ಗು ಕಾಣುವ ವಾರವೇ ಕೊಯ್ದುಬಿಡಿ.

ಜೋರು ಮಳೆಯಲ್ಲಿ ಕೆಂಪು ಹರಿವೆಯ ಎಲೆಗಳ ಮೇಲೆ ಬಿಳಿಯ ವಕ್ರ ಕಲೆಗಳು ಬರುವುದುಂಟು. ಅದು ರೈಜೊಕ್ಟೋನಿಯಾ ಎಂಬ ಶಿಲೀಂಧ್ರದ ರೋಗ. ಕೆಂಪು ತಳಿಗಳಿಗೆ ಇದು ಬಲುಬೇಗ ತಗಲುತ್ತದೆ. ಸಿಓ-1 ಎಂಬ ಹಸಿರು ತಳಿ ಇದನ್ನು ತಾಳಿಕೊಳ್ಳುವುದರಿಂದ ಎರಡನ್ನೂ ಬೆರೆಸಿ ಬೆಳೆಸುವ ರೂಢಿ ಇದೆ. ಒಂದೆರಡು ಕಲೆಯಿದ್ದರೆ ಆ ಜಾಗ ಹರಿದು ತೆಗೆದರೆ ಸಾಕು. ಎಲೆ ಜಾಳುಜಾಳಾಗಿದ್ದರೆ ಗೊಬ್ಬರದ ಗುಂಡಿಗೆ, ದಂಟು ಮಾತ್ರ ಒಳಗೆ.

ಹುಳಿ ಯಾವಾಗ ಬೀಳಬೇಕು

ಬಲಿತ ಸೊಪ್ಪಿನ ಅಡುಗೆ ಕೆಡುವುದು ಹೆಚ್ಚಾಗಿ ಇಲ್ಲೇ. ತರಕಾರಿ ಮೆತ್ತಗಾಗುವುದೆಂದರೆ ಜೀವಕೋಶಗಳನ್ನು ಅಂಟಿಸಿಕೊಂಡ ಪೆಕ್ಟಿನ್ ಕರಗುವುದು. ಹುಳಿನೀರಿನಲ್ಲಿ ಅದು ಸುಲಭಕ್ಕೆ ಕರಗುವುದಿಲ್ಲ. ದಂಟು ಅರೆ ಬೆಂದಾಗಲೇ ಹುಣಸೆ ರಸ ಹೊಯ್ದರೆ ಆಮೇಲೆ ಅರ್ಧ ಗಂಟೆ ಕುದಿಸಿದರೂ ಕಚಕಚ ಎನ್ನುತ್ತದೆ. ಹಾಗಾಗಿ ಹರಿವೆಗೂ ಬಸಳೆಗೂ ದಂಟು ಪೂರ್ತಿ ಬೆಂದ ಮೇಲೆಯೇ ಹುಳಿ. ಜತೆಗೆ ಹೆಸರುಕಾಳು, ಅಲಸಂಡೆ ಕಾಳು ಇದ್ದರೂ ಇದೇ ನಿಯಮ.

ಕೆಸುವಿಗೆ ಮಾತ್ರ ತಿರುಗಾಮುರುಗ: ಹುಳಿ ಮೊದಲು. ಅದರ ಎಲೆ ತೆಳು, ದಂಟು ಸ್ಪಂಜಿನಂತೆ ಗಾಳಿ ತುಂಬಿದ್ದು. ಬೇಯುವುದು ಅದಕ್ಕೆ ಕಷ್ಟವಲ್ಲ, ತುರಿಕೆ ಬಿಡುವುದು ಕಷ್ಟ.

ಎಲೆ ಹಸಿರಾಗಿಯೇ ಉಳಿಯಲಿ ಎಂದು ಚಿಟಿಕೆ ಸೋಡಾ ಹಾಕುವವರಿದ್ದಾರೆ. ಬಣ್ಣ ಉಳಿಯುತ್ತದೆ, ದಂಟೂ ಬೇಗ ಮೆತ್ತಗಾಗುತ್ತದೆ. ಆದರೆ ಸಿ ಜೀವಸತ್ವ ಹೋಗುತ್ತದೆ, ಎಲೆ ಲೋಳೆಯಾಗುತ್ತದೆ, ಬಾಯಲ್ಲಿ ಸಾಬೂನಿನ ಒಗರು ನಿಲ್ಲುತ್ತದೆ. ಹುಳಿ ಹಾಕಿದ ಸೊಪ್ಪು ಎಣ್ಣೆಗಪ್ಪು ಹಸಿರಿಗೆ ತಿರುಗುವುದು ಸಹಜ: ಹರಿತ್ತಿನೊಳಗಿನ ಮೆಗ್ನೀಸಿಯಂ ಹುಳಿಗೆ ಕಳಚಿಕೊಳ್ಳುತ್ತದೆ. ಅದಕ್ಕಾಗಿ ಅಡುಗೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಕುದಿಸಿದಾಗ ಬರುವ ಕರಿ ಬಣ್ಣ, ಲೋಹದ ರುಚಿ ಬೇರೆಯದು. ಹುಳಿ ಅಡುಗೆಗೆ ಮಣ್ಣಿನ ಅಳಗೆ ಅಥವಾ ಸ್ಟೀಲ್ ಸರಿ.

ಹರಿವೆ: ಬೋಳುಹುಳಿ, ಸಾಸಮೆ, ತಾಳು

ಮೊದಲು ಎಲೆಗಳನ್ನು ತೊಟ್ಟಿನೊಂದಿಗೆ ಚಿವುಟಿ ಒಂದು ಕಡೆ ಹಾಕಿ. ಕಿರುಬೆರಳಿಗಿಂತ ತೆಳುವಾದ ಕವಲುಗಳೂ ಎಲೆಯ ರಾಶಿಗೇ ಸೇರಲಿ. ಉಳಿದ ದಪ್ಪ ದಂಟನ್ನು ಎರಡು ಬೆರಳುದ್ದಕ್ಕೆ ಮುರಿಯಿರಿ. ಕತ್ತರಿಸಬೇಡಿ, ಮುರಿಯಿರಿ. ಮುರಿದಾಗ ಒಂದು ಬದಿಯಲ್ಲಿ ಸಿಪ್ಪೆ ಹರಿಯದೆ ನೇತಾಡುತ್ತದೆ. ಅದನ್ನೇ ಹಿಡಿದು ಕೆಳಕ್ಕೆ ಎಳೆದರೆ ನಾರು ಉದ್ದಕ್ಕೆ ಬಿಚ್ಚಿ ಬರುತ್ತದೆ. ಆಮೇಲೆ ಇನ್ನೊಂದು ಬದಿ. ಮೆಟ್ಟುಕತ್ತಿಯಲ್ಲಿ ಕಚಕಚನೆ ಕೊಯ್ದುಬಿಟ್ಟರೆ ಈ ಹಿಡಿತ ಸಿಗುವುದಿಲ್ಲ, ನಾರು ಒಳಗೇ ಉಳಿಯುತ್ತದೆ. ಹೆಬ್ಬೆರಳಿಗಿಂತ ದಪ್ಪವಿರುವುದನ್ನು ಉದ್ದಕ್ಕೆ ಎರಡು ಸೀಳು ಮಾಡಿ.

ಬೋಳುಹುಳಿಗೆ ಅರ್ಧ ಕಿಲೋ ದಂಟು, 4 ಲೋಟ ನೀರು, ಒಂದೂವರೆ ಟೀ ಚಮಚ ಉಪ್ಪು, ಸೀಳಿದ 4 ಹಸಿಮೆಣಸು. ನೀರು ಕುದಿ ಬಂದ ಮೇಲೆ ದಂಟು ಹಾಕಿ. ಮುಚ್ಚಿ ಮಧ್ಯಮ ಉರಿಯಲ್ಲಿ 12ರಿಂದ 15 ನಿಮಿಷ ಬೇಯಿಸಿ. ಒಂದು ತುಂಡನ್ನು ಬೆರಳ ನಡುವೆ ಒತ್ತಿದರೆ ಒಳಗಿನ ತಿರುಳು ಜಾರಿ ಹೊರಬರಬೇಕು. ಅಷ್ಟು ಆಗುವವರೆಗೆ ಹುಣಸೆಯನ್ನು ಮುಟ್ಟಬೇಡಿ. ಆದ ಮೇಲೆ ಗೋಲಿ ಗಾತ್ರದ ಹುಣಸೆಯ ರಸ, ಅಷ್ಟೇ ಗಾತ್ರದ ಬೆಲ್ಲ ಹಾಕಿ 5 ನಿಮಿಷ ಕುದಿಸಿ. ಕೊನೆಗೆ ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ ಜಜ್ಜಿದ 10 ಎಸಳು ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬರುವವರೆಗೆ ಹುರಿದು, ಒಂದು ಒಣಮೆಣಸು ಮುರಿದು ಹಾಕಿ ಒಗ್ಗರಣೆ. ತೆಂಗಿನಕಾಯಿ ಅರೆದು ಹಾಕಿದರೆ ಅದು ಬೋಳುಹುಳಿ ಆಗುವುದಿಲ್ಲ, ಹೆಸರೇ ಹೇಳುವಂತೆ ಇದು ಬೋಳು. ಬೆಳ್ಳುಳ್ಳಿ ತಿನ್ನದ ಮನೆಗಳಲ್ಲಿ ಸಾಸಿವೆ, ಇಂಗಿನ ಒಗ್ಗರಣೆ ನಡೆಯುತ್ತದೆ. ನಿಜ ಹೇಳಬೇಕೆಂದರೆ ಬೆಳ್ಳುಳ್ಳಿಯದರ ಮುಂದೆ ಅದು ಸ್ವಲ್ಪ ಸಪ್ಪೆಯೇ.

ದಂಟನ್ನು ಬಾಯಿಗಿಟ್ಟು ಹೀರಿ, ಜಗಿದು, ಉಳಿದ ಸಿಪ್ಪೆಯನ್ನು ಬಾಳೆಲೆಯ ಬದಿಗೆ ಹಾಕುವುದು ಇದನ್ನು ತಿನ್ನುವ ಕ್ರಮ. ನೆಂಟರ ಎದುರು ಅದು ಬೇಡ ಅನಿಸಿದರೆ ಬೆಂದ ದಂಟಿನ ತಿರುಳನ್ನು ಚಮಚದಲ್ಲಿ ಕೆರೆದು ಸಾಸಮೆ ಮಾಡಬಹುದು. ಒಂದು ಕಪ್ ತಿರುಳಿಗೆ ಅರ್ಧ ಕಪ್ ಕಾಯಿತುರಿ, ಒಂದು ಹಸಿಮೆಣಸು, ಅರ್ಧ ಟೀ ಚಮಚ ಹಸಿ ಸಾಸಿವೆ. ಕಾಯಿ ನುಣ್ಣಗಾದ ಮೇಲೆ ಸಾಸಿವೆ ಹಾಕಿ ಒಂದೆರಡು ಸುತ್ತು ಮಾತ್ರ ತಿರುಗಿಸಿ. ಮಿಕ್ಸಿ ಬಿಸಿಯಾಗುವಷ್ಟು ಅರೆದರೆ ಸಾಸಿವೆ ಕಹಿಯಾಗುತ್ತದೆ. ಒಂದು ಕಪ್ ಮೊಸರು ಸೇರಿಸುವ ಮುಂಚೆ ತಿರುಳು ಪೂರ್ತಿ ತಣಿದಿರಬೇಕು, ಬಿಸಿ ಇದ್ದರೆ ಮೊಸರು ಒಡೆಯುತ್ತದೆ.

ಎಲೆಯ ರಾಶಿ ತಾಳಿಗೆ, ಅಂದರೆ ಪಲ್ಯಕ್ಕೆ. ಬಲಿತ ಎಲೆಯ ನಡುನರವನ್ನು ಹಿಂದಿನಿಂದ ಹಿಡಿದು ತುದಿಯ ಕಡೆಗೆ ಎಳೆದು ತೆಗೆಯಿರಿ. ಹತ್ತಿಪ್ಪತ್ತು ಎಲೆ ಒಂದರ ಮೇಲೊಂದಿಟ್ಟು, ಬೀಡಿಯ ಹಾಗೆ ಸುರುಳಿ ಸುತ್ತಿ, ಎಳೆಯಷ್ಟು ತೆಳ್ಳಗೆ ಹೆಚ್ಚಿ. ಹೆಚ್ಚುವ ಮೊದಲೇ ತೊಳೆದು ನೀರು ಬಸಿದಿರಬೇಕು. ಹೆಚ್ಚಿದ ಮೇಲೆ ತೊಳೆದರೆ ಕೆಂಪು ಬಣ್ಣವೆಲ್ಲ ಬಚ್ಚಲಿಗೆ. ಎರಡು ಟೀ ಚಮಚ ತೆಂಗಿನೆಣ್ಣೆ, ಸಾಸಿವೆ, ಉದ್ದಿನಬೇಳೆ, ಒಂದೆರಡು ಗಾಂಧಾರಿ ಮೆಣಸು. ಸೊಪ್ಪು ಹಾಕಿ, ನೀರು ಹಾಕದೆ, 2 ನಿಮಿಷ ಮುಚ್ಚಿ. ಆಮೇಲೆ ಮುಚ್ಚಳ ತೆಗೆದು ನೀರು ಆರುವವರೆಗೆ 4-5 ನಿಮಿಷ. ಉಪ್ಪು ಸೊಪ್ಪು ಕುಗ್ಗಿದ ಮೇಲೆಯೇ ಹಾಕಿ. ಬಾಣಲೆ ತುಂಬಿದ ರಾಶಿ ನೋಡಿ ಉಪ್ಪು ಹಾಕಿದರೆ ಕೊನೆಗೆ ಒಂದು ಬಟ್ಟಲು ಉಪ್ಪುಪ್ಪಾದ ಪಲ್ಯ ಸಿಗುತ್ತದೆ. ಕೆಳಗಿಳಿಸುವಾಗ ಒಂದು ಹಿಡಿ ಕಾಯಿತುರಿ.

ಬಸಳೆ: ಲೋಳೆಗೆ ಹೆದರಬೇಡಿ

ಎಳೆ ಬಸಳೆಗಿಂತ ಬಲಿತದ್ದೇ ಕೊದಿಲಿಗೆ, ಅಂದರೆ ಕಾಯಿ ಅರೆದು ಹಾಕಿದ ಸಾರಿಗೆ, ಮೇಲು. ಬೆರಳು ದಪ್ಪದ ಬಳ್ಳಿ ಬೆಂದಾಗ ಒಳಗೆ ಬೆಣ್ಣೆಯಂತಾಗಿ, ಮಸಾಲೆ ಹೀರಿಕೊಂಡು, ಕಚ್ಚಿದಾಗ ಸಿಗುವ ಆ ಮೃದುತನ ಎಳೆಯದರಲ್ಲಿ ಇಲ್ಲ.

ಬಳ್ಳಿಯನ್ನು ಗಂಟಿನ ಪಕ್ಕದಲ್ಲಿ ಎರಡಂಗುಲದ ತುಂಡು ಮಾಡಿ. ಸಿಪ್ಪೆ ತೆಗೆಯುವ ಅಗತ್ಯ ಬೀಳುವುದು ಬುಡದ ಬಳಿ ಮಾತ್ರ. ಅಂಗೈಯಗಲದ ಎಲೆಗಳನ್ನು ನಾಲ್ಕಾಗಿ ಹರಿದರೆ ಸಾಕು. ಸಣ್ಣಗೆ ಹೆಚ್ಚಿದಷ್ಟೂ ಲೋಳೆ ಹೊರಬರುತ್ತದೆ, ಸೌಟಿನಿಂದ ಪದೇಪದೇ ಕದಡಿದರೆ ಇನ್ನಷ್ಟು. ತೊಳೆಯುವ ಕೆಲಸ ಕತ್ತರಿಸುವ ಮುಂಚೆಯೇ ಮುಗಿಯಲಿ.

ನಾಲ್ಕೈದು ಜನರಿಗೆ 300 ಗ್ರಾಂ ಬಳ್ಳಿ, 200 ಗ್ರಾಂ ಎಲೆ, ರಾತ್ರಿ ನೆನೆಸಿದ ಅರ್ಧ ಕಪ್ ಹೆಸರುಕಾಳು. ಕಾಳನ್ನು ಬೇರೆಯಾಗಿ ಮುಕ್ಕಾಲು ಬೇಯಿಸಿ. ಅದಕ್ಕೆ ಬಳ್ಳಿ, ಒಂದು ನೀರುಳ್ಳಿ, ಎರಡು ಲೋಟ ನೀರು, ಉಪ್ಪು ಸೇರಿಸಿ ತೆರೆದ ಪಾತ್ರೆಯಲ್ಲಿ 10-12 ನಿಮಿಷ. ಕುಕ್ಕರಾದರೆ ಒಂದೇ ಸೀಟಿ, ಎರಡನೆಯದಕ್ಕೆ ಬಳ್ಳಿ ಒಡೆದು ನಾರು ಚೆಲ್ಲುತ್ತದೆ.

ಅಷ್ಟರಲ್ಲಿ ಮಸಾಲೆ: ಒಂದು ಟೀ ಚಮಚ ತೆಂಗಿನೆಣ್ಣೆಯಲ್ಲಿ 8 ಬ್ಯಾಡಗಿ ಮೆಣಸು, ಒಂದೂವರೆ ದೊಡ್ಡ ಚಮಚ ಕೊತ್ತಂಬರಿ, ಅರ್ಧ ಟೀ ಚಮಚ ಜೀರಿಗೆ, ಕಾಲು ಟೀ ಚಮಚ ಮೆಂತೆ ಹುರಿಯಿರಿ. ಮೆಂತೆ ಕೊನೆಗೆ ಬೀಳಬೇಕು, ಅದು ಕಪ್ಪಾದರೆ ಇಡೀ ಕೊದಿಲು ಕಹಿ. ಒಂದು ಕಪ್ ಕಾಯಿತುರಿ, ಅರಸಿನ, ಗೋಲಿಯಷ್ಟು ಹುಣಸೆಯೊಂದಿಗೆ ನುಣ್ಣಗೆ ಅರೆಯಿರಿ. ಬಳ್ಳಿ ಮೆತ್ತಗಾಯಿತೆಂದು ಖಾತ್ರಿಯಾದ ಮೇಲೆ ಅರಪ್ಪು ಹಾಕಿ, ಒಂದು ಕುದಿ ಬಂದ ಮೇಲೆ ಎಲೆ ಹಾಕಿ, ಇನ್ನು 4 ನಿಮಿಷ. ಹುಳಿ ಲೋಳೆಯನ್ನು ಸಡಿಲಿಸುತ್ತದೆ, ಹಾಗಾಗಿ ಎಲೆ ಅರಪ್ಪಿನ ನಂತರ ಬಿದ್ದರೆ ಸಾರು ನೂಲು ನೂಲಾಗಿ ಎಳೆಯುವುದಿಲ್ಲ. ಬೆಳ್ಳುಳ್ಳಿ ಒಗ್ಗರಣೆ ಕಡ್ಡಾಯ.

ಹೆಸರುಕಾಳಿನ ಬದಲು ಹಲಸಿನ ಬೀಜ ಚೆನ್ನಾಗಿ ಹೊಂದುತ್ತದೆ, ಮೀನು ತಿನ್ನುವ ಮನೆಗಳಲ್ಲಿ ಎಟ್ಟಿ, ಅಂದರೆ ಸಿಗಡಿ. ಸಿಗಡಿಯಾದರೆ ಅದು ಎಲೆಯ ಜತೆಗೇ ಬೀಳಲಿ, ಮೊದಲೇ ಹಾಕಿದರೆ ರಬ್ಬರು. ಗಟ್ಟಿ ಗಸಿಗೆ ಆವಿಯಲ್ಲಿ ಬೇಯಿಸಿದ ಪುಂಡಿಯನ್ನು, ಅಂದರೆ ಅಕ್ಕಿ ಉಂಡೆಯನ್ನು, ಹಾಕಿ ಒಂದು ರಾತ್ರಿ ಬಿಟ್ಟು ಮರುದಿನ ಬೆಳಗ್ಗೆ ಕುದಿಸಿ ತಿಂದರೆ ಅದರ ಮುಂದೆ ಇಡ್ಲಿ ಸಾಂಬಾರು ನಿಲ್ಲುವುದಿಲ್ಲ.

ಕೆಸು: ತುರಿಕೆಯ ಲೆಕ್ಕ

ಕೆಸುವಿನ ಎಲೆ, ದಂಟುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಹಸಿಯಾಗಿದ್ದಾಗ ಅವು ನಾಲಗೆ, ಗಂಟಲು, ಚರ್ಮಕ್ಕೆ ಚುಚ್ಚುತ್ತವೆ. ಆ ಹರಳುಗಳು ನೀರಿನಲ್ಲಿ ಕರಗುವಂಥವಲ್ಲ, ಆದ್ದರಿಂದ ಬರೀ ನೆನೆಸಿಟ್ಟರೆ ಪ್ರಯೋಜನವಿಲ್ಲ. ದೀರ್ಘ ಬೇಯಿಸುವಿಕೆ ಮತ್ತು ಹುಳಿ, ಎರಡೂ ಬೇಕು. ಒಂದರಲ್ಲಿ ಕಂಜೂಸಿ ಮಾಡಿದರೆ ಊಟದ ಪಂಕ್ತಿಯೇ ಕೆಮ್ಮುತ್ತದೆ.

ಮೊದಲು ಎಲೆಯ ಗುರುತು. ತಿನ್ನುವ ಕೆಸುವಿನ ತೊಟ್ಟು ಎಲೆಯ ಸೀಳಿನ ತುದಿಗೆ ಅಂಟಿಕೊಂಡಿರುವುದಿಲ್ಲ. ಸೀಳಿನಿಂದ ಸ್ವಲ್ಪ ಒಳಗೆ, ಎಲೆಯ ಬೆನ್ನಿಗೆ ಕೊಡೆಯ ಹಿಡಿಯಂತೆ ಸೇರಿರುತ್ತದೆ, ಎಲೆಯ ತುದಿ ನೆಲ ನೋಡುತ್ತದೆ. ತೊಟ್ಟು ಸೀಳಿನಲ್ಲೇ ಸೇರಿ, ತುದಿ ಆಕಾಶ ನೋಡುವ ಆನೆಕಿವಿಯಂಥ ದೊಡ್ಡ ಎಲೆಗಳನ್ನು ಬಿಟ್ಟುಬಿಡಿ. ಮಳೆ ಹಿಡಿದ ಮೇಲೆ ಮರದ ಕೊಂಬೆಗಳಲ್ಲಿ ಚಿಗುರುವ ಮರಕೆಸು ಸಿಕ್ಕಿದರೆ ಅದೃಷ್ಟ, ಅದರ ತುರಿಕೆ ಕಡಿಮೆ. ಗುರುತು ಸಿಗದ ಕೆಸುವನ್ನು ಪ್ರಯೋಗಕ್ಕೂ ಕೊಯ್ಯಬೇಡಿ.

ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು, ಎಲೆ ಒಣಗಿದ್ದಾಗಲೇ ಕೆಲಸ ಶುರುಮಾಡಿ. ಒದ್ದೆ ಎಲೆ ಹೆಚ್ಚು ತುರಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಎರಡೂ ಬದಿ ಒರೆಸಿದರೆ ಸಾಕು, ಮೊರದಗಲದ ಎಲೆಯನ್ನು ನೀರಿನಲ್ಲಿ ಮುಳುಗಿಸಬೇಡಿ. ಎಲೆ ಬೋರಲು ಹಾಕಿ, ಬೆನ್ನಿನ ದಪ್ಪ ನರಗಳನ್ನು ಚೂರಿ ಮಲಗಿಸಿ ಎಲೆಯ ಮಟ್ಟಕ್ಕೆ ಕೆತ್ತಿ ತೆಗೆಯಿರಿ. ಬಲಿತ ಎಲೆ ಸುತ್ತುವಾಗ ಪಟ್ ಎಂದು ಒಡೆಯುವುದು ಇದನ್ನು ಬಿಟ್ಟದ್ದರಿಂದ. ಕೆತ್ತಿದ ಮೇಲೂ ಬಿರುಸಾಗಿದ್ದರೆ ಅರ್ಧ ಗಂಟೆ ನೆರಳಲ್ಲಿ ಬಾಡಲು ಬಿಡಿ.

ಪತ್ರೊಡೆಗೆ 12 ದೊಡ್ಡ ಎಲೆ. ಬೆಳ್ತಿಗೆ (ಕುಸುಬಲು ಅಲ್ಲದ) ಅಕ್ಕಿ 2 ಕಪ್, 4 ಗಂಟೆ ನೆನೆಸಿದ್ದು. ಒಣಮೆಣಸು 10, ಕೊತ್ತಂಬರಿ 2 ದೊಡ್ಡ ಚಮಚ, ಜೀರಿಗೆ ಒಂದು ಟೀ ಚಮಚ, ಕಾಯಿತುರಿ ಒಂದು ಕಪ್, ಅರಸಿನ, ಇಂಗು, ಉಪ್ಪು ಎರಡು ಟೀ ಚಮಚ. ಹುಣಸೆ ಲಿಂಬೆಹಣ್ಣಿನಷ್ಟು, ಬೆಲ್ಲ ಅದಕ್ಕಿಂತ ತುಸು ಹೆಚ್ಚು. ಮಸಾಲೆಯನ್ನು ಮೊದಲು ನುಣ್ಣಗೆ ಅರೆದು, ನಂತರ ಅಕ್ಕಿ ಹಾಕಿ ಸಣ್ಣ ರವೆಯಷ್ಟು ತರಿಯಾಗಿ ಅರೆಯಿರಿ. ನೀರು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಹಿಟ್ಟನ್ನು ಎಲೆಗೆ ಬಳಿದು ಎಲೆಯನ್ನು ನೆಟ್ಟಗೆ ಎತ್ತಿದರೆ ಜಾರಬಾರದು. ನಾಲಗೆಗೆ ಹಚ್ಚಿದಾಗ ಹುಳಿ “ಸ್ವಲ್ಪ ಜಾಸ್ತಿಯಾಯಿತು” ಅನಿಸಬೇಕು, ಬೆಂದ ಮೇಲೆ ಅದು ಸರಿಹೋಗುತ್ತದೆ.

ಅತಿ ದೊಡ್ಡ ಎಲೆ ಅಡಿಗೆ, ಬೆನ್ನು ಮೇಲಕ್ಕೆ. ತೆಳುವಾಗಿ ಹಿಟ್ಟು ಬಳಿದು, ಎರಡನೆಯದನ್ನು ತುದಿ ತಿರುಗಿಸಿ ಇಡಿ, ಮತ್ತೆ ಬಳಿಯಿರಿ. ನಾಲ್ಕು ಎಲೆಗೆ ಒಂದು ಸುರುಳಿ, ಒಟ್ಟು ಮೂರು. ಎರಡು ಬದಿ ಒಳಕ್ಕೆ ಮಡಚಿ, ಮಡಿಕೆಗೂ ಹಿಟ್ಟು ಹಚ್ಚಿ ಬಿಗಿಯಾಗಿ ಸುತ್ತಿ. ಆರೇಳು ಎಲೆಯ ದಪ್ಪ ಸುರುಳಿ ನೋಡಲು ಚೆಂದ, ಆದರೆ ನಡು ಬೇಯುವುದಿಲ್ಲ. ತುರಿಕೆ ಉಳಿಯುವುದೂ ಆ ನಡುವಿನಲ್ಲೇ.

ಅಟ್ಟಿನಳಗೆಯಲ್ಲಿ ನೀರು ಚೆನ್ನಾಗಿ ಮರಳಿದ ಮೇಲೆ ಸುರುಳಿ ಇಟ್ಟು 50 ನಿಮಿಷ ಆವಿಯಲ್ಲಿ ಬೇಯಿಸಿ. ನಡುವೆ ನೀರು ಹೊಯ್ಯಬೇಕಾದರೆ ಬಿಸಿ ನೀರೇ ಹೊಯ್ಯಿರಿ. ತೆಗೆದು, ನಡುಭಾಗದಿಂದ ಉಗುರಷ್ಟು ತಿಂದು ಎರಡು ನಿಮಿಷ ಕಾಯಿರಿ. ಗಂಟಲಲ್ಲಿ ಏನೂ ಇಲ್ಲದಿದ್ದರೆ ಆಯಿತು. ತುರಿಸಿದರೆ ಇನ್ನು 20 ನಿಮಿಷ ಆವಿ ಕೊಡಿ, ಒಗ್ಗರಣೆಗೆ ಹುಣಸೆ ರಸ, ಬೆಲ್ಲ ಸೇರಿಸಿ. ಎರಡು ಗಂಟೆ ತಣಿದ ಮೇಲಷ್ಟೇ ಕತ್ತರಿಸಿ. ಬಿಸಿಯಲ್ಲಿ ಕತ್ತರಿಸಿದರೆ ಸುರುಳಿ ಬಿಚ್ಚಿ ಪುಡಿಯಾಗುತ್ತದೆ. ಪುಡಿಯಾದರೂ ಚಿಂತೆಯಿಲ್ಲ: ಸಾಸಿವೆ, ಕರಿಬೇವು, ಕಾಯಿತುರಿ, ಬೆಲ್ಲದ ಒಗ್ಗರಣೆಗೆ ಹಾಕಿ ಮಗುಚಿದರೆ ಅದೇ ಇನ್ನೊಂದು ತಿಂಡಿ. ಹರಿದ, ತೂತಾದ ಎಲೆಗಳೇ ಹೆಚ್ಚಿದ್ದರೆ ಸುರುಳಿಯ ಗೋಜೇ ಬೇಡ. ಸಣ್ಣಗೆ ಕೊಚ್ಚಿ ಹಿಟ್ಟಿಗೆ ಕಲಸಿ, ಬಾಳೆಲೆಯಲ್ಲಿ ಮಡಚಿ ಬೇಯಿಸಿ.

ಕೆಸುವಿನ ದಂಟನ್ನು ಎಸೆಯಬೇಡಿ. ಮೇಲಿನ ಪೊರೆ ಸುಲಿದು, ಅಂಗುಲದ ತುಂಡು ಮಾಡಿ, ಮೊದಲಿನಿಂದಲೇ ಹುಣಸೆ ಅಥವಾ ಜಜ್ಜಿದ ಆರೇಳು ಬಿಂಬುಳಿಯೊಂದಿಗೆ 20 ನಿಮಿಷ ಬೇಯಿಸಿ. ಬುಟ್ಟಿ ತುಂಬಿದ ದಂಟು ಬೆಂದಾಗ ಸೌಟಿನಷ್ಟಾಗುತ್ತದೆ, ಹಾಗಾಗಿ ಧಾರಾಳ ತೆಗೆದುಕೊಳ್ಳಿ.

ಇನ್ನುಳಿದದ್ದು

ಚೀನಿಕಾಯಿಯ, ಅಂದರೆ ಸಿಹಿಗುಂಬಳದ, ದೊಡ್ಡ ಎಲೆಗೆ ತೊಟ್ಟಿನ ತುದಿ ಮುರಿದು ಎಳೆದರೆ ರೋಮದ ಪೊರೆ ಎಲೆಯ ಬೆನ್ನಿನವರೆಗೂ ಬರುತ್ತದೆ. ಆಮೇಲೆ ಹರಿವೆ ಎಲೆಯಂತೆಯೇ ತಾಳು. ಮಂಗಳೂರಿನ ಸೂಪರ್ ಮಾರ್ಕೆಟುಗಳಿಂದ ತರುವ ಪಾಕ್ ಚೋಯ್, ಚೀನೀ ಸಾಸಿವೆ ಸೊಪ್ಪುಗಳಿಗೆ ಉರಿ ಜೋರಾಗಿರಲಿ: ಬಿಳಿ ತೊಟ್ಟು ಮೊದಲು 2 ನಿಮಿಷ, ಎಲೆ ಆಮೇಲೆ ಒಂದೇ ನಿಮಿಷ.

ಮೂತ್ರಪಿಂಡದ ಕಲ್ಲು ಆದವರು ಹರಿವೆ, ಬಸಳೆಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲುವುದು ಒಳ್ಳೆಯದು. ಕರಗುವ ಆಕ್ಸಲೇಟ್ ಅದರೊಂದಿಗೆ ಬಹಳಷ್ಟು ಹೋಗುತ್ತದೆ. ಅವರಿಗೆ ಬೋಳುಹುಳಿಗಿಂತ ಮೊಸರಿನ ಸಾಸಮೆ ಲೇಸು, ಮೊಸರಿನ ಕ್ಯಾಲ್ಸಿಯಂ ಉಳಿದ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸಬಾರದು, ಅದರಲ್ಲಿರುವ ಕೆ ಜೀವಸತ್ವ ಆ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದೆ.

ಬಸಳೆ ಎಲೆ ಫ್ರಿಜ್ಜಿನ ಚಳಿಗೆ ಎರಡು ದಿನದಲ್ಲಿ ಕಪ್ಪಾಗುತ್ತದೆ. ಬಳ್ಳಿ ಸಮೇತ ನೀರಿನ ಚೊಂಬಿನಲ್ಲಿ ನಿಲ್ಲಿಸಿ ಅಡುಗೆಮನೆಯ ಮೂಲೆಯಲ್ಲಿಟ್ಟರೆ ಅದಕ್ಕಿಂತ ಚೆನ್ನಾಗಿ ಬಾಳುತ್ತದೆ. ಉಗುರು ಇಳಿಯದ ಬುಡದ ತುಂಡಿನಲ್ಲಿ ಮೂರು ನಾಲ್ಕು ಗಂಟುಗಳಿದ್ದರೆ, ಎರಡು ಗಂಟು ಮಣ್ಣಿನೊಳಗೆ ಹೋಗುವಂತೆ ಬಚ್ಚಲ ನೀರು ಹರಿಯುವಲ್ಲಿ ಓರೆಯಾಗಿ ಊರಿಬಿಡಿ.